ಹಲ್ಲಿನ ಶೇಡ್ ನಂಬರು

ಮೊನ್ನೆ ಒಂದು ಸೋಮವಾರ ಬೆಳಿಗ್ಗೆ ನನ್ನ ಹೆಂಡತಿ ಕಸ್ತೂರಿ ನನ್ನನ್ನು ಬಾಲ್ಕನಿಗೆ ಕರೆದಳು. ಸೂರ್ಯನ ಕಡೆ ಮುಖ ಮಾಡಿ ನಿಂತಳು. ಒಂದು ರಟ್ಟಿನ ಪಟ್ಟಿಯನ್ನು ನನ್ನ ಕೈಗೆ ಕೊಟ್ಟಳು. ಆಮೇಲೆ, ದನದ ಸಂತೆಯಲ್ಲಿ ಎತ್ತು ಗಿರಾಕಿಗೆ ಸಹಕರಿಸುವ ಹಾಗೆ, ಎರಡೂ ತುಟಿ ಅಗಲಿಸಿ ಹಲ್ಲು ತೋರಿಸಿದಳು.

"ಇದರಾಗ ನಂದು ಎಷ್ಟನೇ ನಂಬರ, ಹೇಳ್ರಿ."

(ಹೋಲಿಕೆ ಸರಿಯಿಲ್ಲ ಅಂತ ನನಗೂ ಗೊತ್ತು. ಈ ಅಂಕಣವನ್ನು ಅವಳೂ ಓದುತ್ತಾಳೆ. ಹಾಗಾಗಿ ಎತ್ತು ನಾನೇ ಅಂತ ಇಟ್ಟುಕೊಂಡು ಮುಂದೆ ಓದಿ.)

ಪಟ್ಟಿಯ ಮೇಲೆ ಸಾಲಾಗಿ ಹದಿನಾರು ಹಲ್ಲುಗಳ ಚಿತ್ರ. ಎಡಗಡೆಯ ಮೊದಲನೆಯದು ಹೊಸ ಟ್ಯೂಬ್‌ಲೈಟಿನಂತೆ ಬೆಳ್ಳಗೆ. ಬಲಗಡೆಯ ಕೊನೆಯದು ಮೂರು ಸಲ ಕುದಿಸಿದ ಇರಾನಿ ಚಹಾದ ಬಣ್ಣ. ಪ್ರತಿಯೊಂದರ ಕೆಳಗೂ ಒಂದು ನಂಬರು. ಇಂದು ನಿಮ್ಮ ನಂಬರು ಯಾವುದು ಗುರುತಿಸಿಕೊಳ್ಳಿ, ಏಳು ದಿನ ನಮ್ಮ ಜೆಲ್ ಹಚ್ಚಿ, ಆಮೇಲೆ ಮತ್ತೆ ನೋಡಿಕೊಳ್ಳಿ, ನೀವೇ ಬೆರಗಾಗುತ್ತೀರಿ ಅಂತ ಒಕ್ಕಣೆ.

ಬೆರಗು ಏಳು ದಿನ ಕಾಯಲಿಲ್ಲ. ನಾನು ಅಲ್ಲೇ ಬೆರಗಾದೆ. ಮದುವೆಯಾಗಿ ಮೂವತ್ತೆಂಟು ವರ್ಷ. ಈ ಅವಧಿಯಲ್ಲಿ ಕಸ್ತೂರಿ ನನಗೆ ಕಣ್ಣು ತೋರಿಸಿದ್ದಾಳೆ, ಬಾಗಿಲು ತೋರಿಸಿದ್ದಾಳೆ. ಹಲ್ಲು ತೋರಿಸಿದ್ದು ಇದೇ ಮೊದಲು.

ನಂಬರು ಹೇಳಲು ನನ್ನನ್ನೇ ಕರೆದದ್ದಕ್ಕೆ ಕಾರಣವಿದೆ. ಅಬಿಡ್ಸ್‌ನ ಒಂದು ಓಣಿಯಲ್ಲಿ ಮೂವತ್ತೈದು ವರ್ಷ ನಾನು ಮ್ಯಾಚಿಂಗ್ ಸೆಂಟರ್ ನಡೆಸಿದವನು. ಅಂದರೆ ಸೀರೆಗೆ ಒಪ್ಪುವ ಬ್ಲೌಸ್ ಪೀಸು, ಫಾಲು, ಲಂಗದ ಬಟ್ಟೆ ಹುಡುಕಿಕೊಡುವ ಅಂಗಡಿ. ಈಗ ಅದನ್ನು ತಮ್ಮನಿಗೆ ಬಿಟ್ಟು ಲಿಂಗಂಪಲ್ಲಿಯ ಮನೆಯಲ್ಲಿ ಕೂತಿದ್ದೇನೆ. ಆದರೆ ಕಣ್ಣು ನಿವೃತ್ತಿ ತೆಗೆದುಕೊಂಡಿಲ್ಲ. ಹೊರಗಿನವರಿಗೆ ಬಿಳಿ ಅಂದರೆ ಬಿಳಿ. ನನಗೆ ಹಾಲು ಬಿಳಿ ಬೇರೆ, ಮೊಸರು ಬಿಳಿ ಬೇರೆ, ಬಿಳುಪು ಮಾಡದ ಕೋರಾ ಬೇರೆ, ಕ್ರೀಮು ಬೇರೆ, ದಂತದ ಬಿಳಿ ಬೇರೆ. ನಮ್ಮ ವೃತ್ತಿಯಲ್ಲಿ ಒಂದೇ ಒಂದು ಧರ್ಮಸೂತ್ರ: ಟ್ಯೂಬ್‌ಲೈಟಿನಲ್ಲಿ ಬಣ್ಣ ನೋಡಬಾರದು. ಬಟ್ಟೆಯನ್ನು ಅಂಗಡಿಯ ಹೊಸ್ತಿಲಿಗೆ ತಂದು, ಬಿಸಿಲಿಗೆ ಹಿಡಿದು, ಆಮೇಲೆ ತೀರ್ಪು ಕೊಡಬೇಕು. ಗಿರಾಕಿ ಅವಸರ ಮಾಡಿದರೂ ಸರಿ, ಆಟೋದವನು ಹಾರ್ನ್ ಹೊಡೆದರೂ ಸರಿ.

ಇಂಥ ನನ್ನ ಮುಂದೆ ಮೊದಲ ಬಾರಿ ಒಂದು ಹಲ್ಲು ಮ್ಯಾಚಿಂಗಿಗೆ ಬಂದಿತ್ತು.

"ಮೊದಲ ಇದು ಯಾಕ, ಅದನ್ನ ಹೇಳು" ಅಂದೆ.

"ಭಾನುವಾರದ ಸಲುವಾಗಿ" ಅಂದಳು.

ಭಾನುವಾರದ ವಿಷಯ ನಿಮಗೆ ಹೇಳಬೇಕು. ನಮ್ಮ ಮನೆಯ ಹತ್ತಿರದ ಪಾರ್ಕಿನಲ್ಲಿ ದಿನಾ ಬೆಳಿಗ್ಗೆ ಒಂದು ನಗೆಕೂಟ ಸೇರುತ್ತದೆ. ಮೂವತ್ತು ಮಂದಿ, ಹೆಚ್ಚಿನವರು ರಿಟೈರಾದವರು. ವೃತ್ತಾಕಾರವಾಗಿ ನಿಂತು, ಎರಡೂ ಕೈ ಆಕಾಶಕ್ಕೆ ಎತ್ತಿ, ಯಾವ ಕಾರಣವೂ ಇಲ್ಲದೆ ಹಾ ಹಾ ಹಾ ಅಂತ ನಗುವುದು ಅವರ ವ್ಯಾಯಾಮ. ಕಾರಣ ಇದ್ದಾಗಲೂ ಯೋಚಿಸಿ ನಗುವವನು ನಾನು. ಆದ್ದರಿಂದ ಆ ಕಡೆ ಹೋದವನಲ್ಲ. ಕಸ್ತೂರಿ ಎರಡು ವರ್ಷದಿಂದ ಹೋಗುತ್ತಾಳೆ.

ಆ ಕೂಟಕ್ಕೆ ಲೀಡರ್ ಆಗಿದ್ದವರು ನರಸಿಂಹಾರೆಡ್ಡಿ ಎಂಬ ನಿವೃತ್ತ ಡ್ರಾಯಿಂಗ್ ಮೇಷ್ಟ್ರು. ಮಧ್ಯದಲ್ಲಿ ನಿಂತು ಮೊದಲ ನಗು ನಗುವುದು ಅವರ ಅಧಿಕಾರ. ಹೋದ ತಿಂಗಳು ಅವರಿಗೆ ಹರ್ನಿಯಾ ಆಪರೇಷನ್ ಆಯಿತು. ಮೂರು ತಿಂಗಳು ನಗಕೂಡದು ಅಂತ ಡಾಕ್ಟರು ಚೀಟಿ ಬರೆದುಕೊಟ್ಟರು. (ಭಾರತದಲ್ಲಿ ನಗುವುದಕ್ಕೆ ವೈದ್ಯಕೀಯ ರಜೆ ಪಡೆದ ಮೊದಲ ಮನುಷ್ಯ ಇವರೇ ಇರಬೇಕು.) ಪಾಪ, ಮೇಷ್ಟ್ರು ಹೊಟ್ಟೆ ಹಿಡಿದುಕೊಂಡು ಪಾರ್ಕಿಗೆ ಬಂದು, ಎಲ್ಲರ ಮುಂದೆ ತೆಲುಗಿನಲ್ಲಿ ಘೋಷಿಸಿಯೇಬಿಟ್ಟರು: "ಕಸ್ತೂರಮ್ಮಗಾರೂ, ವಚ್ಚೇ ಆದಿವಾರಂ ನುಂಚಿ ಮೀರೇ ಲೀಡರ್!" ಬರುವ ಭಾನುವಾರದಿಂದ ನೀವೇ ಲೀಡರ್.

ಯಾಕೆ ಅಂದರೆ, ಇಡೀ ಕೂಟದಲ್ಲಿ ಅವಳ ನಗುವೇ ಜೋರು. ಹಿಂದಿನ ಸಾಲಿನಲ್ಲಿ ನಿಂತರೂ ಮುಂದಿನ ರಸ್ತೆಗೆ ಕೇಳಿಸುತ್ತದೆ.

ಇದರಲ್ಲಿ ಸಮಸ್ಯೆ ಏನು? ಹಿಂದಿನ ಸಾಲಿನಲ್ಲಿ ನಿಂತವರು ಒಂದು ಕೈ ಮೇಲಕ್ಕೆತ್ತಿ, ಇನ್ನೊಂದು ಕೈಯಲ್ಲಿ ಸೆರಗು ಹಿಡಿದು ಬಾಯಿಗೆ ಅಡ್ಡ ಇಟ್ಟುಕೊಂಡು ನಗಬಹುದು. ಮಧ್ಯದಲ್ಲಿ ನಿಂತ ಲೀಡರಿಗೆ ಆ ಸೌಲಭ್ಯವಿಲ್ಲ. ಎರಡೂ ಕೈ ಮೇಲೆ. ಬಾಯಿ ಪೂರ್ತಿ ತೆರೆದಿರಬೇಕು. ಅರವತ್ತು ಕಣ್ಣು ಎದುರಿಗೆ.

ಮತ್ತು ಕಸ್ತೂರಿಯ ಹಲ್ಲು ಕಂದು.

ಅವಳ ತವರು ಯಾದಗಿರಿ ಕಡೆಯ ಒಂದು ಹಳ್ಳಿ. ಅವಳು ಹುಟ್ಟಿದ ವರ್ಷವೇ ಊರಿಗೆ ಹ್ಯಾಂಡ್ ಪಂಪ್ ಬಂತು. ಊರವರು ಅದಕ್ಕೆ ಅರಿಶಿನ ಕುಂಕುಮ ಹಚ್ಚಿ, ಕಾಯಿ ಒಡೆದು, ಬಾವಿಗೆ ಹೋಗುವುದನ್ನು ಬಿಟ್ಟರು. ಆ ನೀರಿನಲ್ಲಿ ಏನಿತ್ತೋ ಯಾರಿಗೂ ಗೊತ್ತಿರಲಿಲ್ಲ. ಹತ್ತು ವರ್ಷ ದೊಡ್ಡವಳಾದ ಅವಳ ಅಕ್ಕನ ಹಲ್ಲು ಬಾವಿ ನೀರಿನದು, ಮಲ್ಲಿಗೆ ಮೊಗ್ಗು. ಇವಳ ಹಲ್ಲು ಪಂಪಿನ ನೀರಿನದು. ಬಿಳಿಯ ಮೇಲೆ ಅಡ್ಡಡ್ಡ ಕಂದು ಗೆರೆ, ನಡುನಡುವೆ ಸುಣ್ಣದಂಥ ಚುಕ್ಕಿ. ಆ ಕಾಲದಲ್ಲಿ ಆ ಊರಲ್ಲಿ ಹುಟ್ಟಿದವರೆಲ್ಲ ಹೀಗೇ. ಲಿಂಗಂಪಲ್ಲಿ ಸ್ಟೇಷನ್ನಿನಲ್ಲಿ ಕಟ್ಟಡದ ಕೆಲಸಕ್ಕೆ ಬಂದಿಳಿಯುವ ನಮ್ಮ ಕಡೆಯ ಜನ ಪರಸ್ಪರ ಊರು ಕೇಳುವುದೇ ಇಲ್ಲ. ಒಮ್ಮೆ ಬಾಯಿ ತೆರೆದರೆ ಸಾಕು, ತಾಲ್ಲೂಕು ಗೊತ್ತಾಗುತ್ತದೆ.

ಜೆಲ್ಲಿನ ಸುದ್ದಿ ತಂದವಳು ಕೆಳಗಿನ ಫ್ಲಾಟಿನ ಪದ್ಮಜಾ. ಗಚ್ಚಿಬೌಲಿಯ ಒಂದು ಆಫೀಸಿನಲ್ಲಿ ಕೆಲಸ. ಅವಳ ಫೋನಿನಲ್ಲಿ ಜಾಹೀರಾತು ಬಂದಿತ್ತು. "ಆಂಟೀ, ವಾರದಲ್ಲಿ ಹೀರೋಯಿನ್ ಆಗ್ತೀರಿ" ಅಂದಳಂತೆ. ಭಾನುವಾರ ಒತ್ತಿದ ಬಟನ್ನು ಸೋಮವಾರ ಬೆಳಿಗ್ಗೆ ಡಬ್ಬಿಯಾಗಿ ಬಂದು ಬಾಗಿಲು ಬಡಿಯಿತು.

ಡಬ್ಬಿಯನ್ನು ನಾನು ಶಾಸನ ಓದುವವರ ಹಾಗೆ ಕನ್ನಡಕ ಹಾಕಿಕೊಂಡು ಓದಿದೆ. ಒಳಗೆ ಸೂಜಿಯಿಲ್ಲದ ಸಿರಿಂಜಿನಲ್ಲಿ ಜೆಲ್, ಹಲ್ಲಿಗೆ ಕಚ್ಚಿಕೊಳ್ಳುವ ರಬ್ಬರಿನ ಅಚ್ಚು, ಅದಕ್ಕೆ ಸಿಕ್ಕಿಸುವ ನೀಲಿ ದೀಪ. ಹೊರಗೆ ದಪ್ಪ ಅಕ್ಷರದಲ್ಲಿ 'ದಂತವೈದ್ಯರು ಮೆಚ್ಚಿದ್ದು' ಅಂತ. ಯಾವ ದಂತವೈದ್ಯರು? ಹೆಸರಿಲ್ಲ, ಊರಿಲ್ಲ. ಸಣ್ಣ ಅಕ್ಷರದಲ್ಲಿ 'ಫಲಿತಾಂಶ ವ್ಯಕ್ತಿಯಿಂದ ವ್ಯಕ್ತಿಗೆ ಬದಲಾಗಬಹುದು' ಅಂತ. ಯಾವ ವ್ಯಕ್ತಿಯಿಂದ ಯಾವ ವ್ಯಕ್ತಿಗೆ? ಅದೂ ಇಲ್ಲ. ಒಳಗಿನ ಔಷಧ ಎಷ್ಟು ಗಟ್ಟಿಯದು ಅನ್ನುವುದನ್ನು ಬರೆಯಬೇಕಾದ ಜಾಗದಲ್ಲಿ ಒಂದು ಎಲೆಯ ಚಿತ್ರ. ನೈಸರ್ಗಿಕವಂತೆ.

ಪಕ್ಕದಲ್ಲಿ ಒಬ್ಬ ಹುಡುಗಿಯ ಎರಡು ಫೋಟೋ. ಮೊದಲು, ಆಮೇಲೆ. ನನ್ನ ಕಣ್ಣು ಕೂಡಲೇ ಕಳ್ಳನನ್ನು ಹಿಡಿಯಿತು. ಮೊದಲಿನ ಫೋಟೋ ಹಳದಿ ಬಲ್ಬಿನಲ್ಲಿ ತೆಗೆದದ್ದು, ಆಮೇಲಿನದು ಕಿಟಕಿ ಪಕ್ಕದಲ್ಲಿ. ಅದೂ ಸಾಲದು ಅಂತ ಆಮೇಲಿನ ಫೋಟೋದಲ್ಲಿ ತುಟಿಗೆ ಗಾಢ ಮರೂನ್ ಲಿಪ್‌ಸ್ಟಿಕ್. ಮರೂನ್ ಬಾರ್ಡರ್ ಪಕ್ಕ ಇಟ್ಟರೆ ಕ್ರೀಮು ಬಟ್ಟೆಯೂ ಬಿಳಿ ಅನಿಸುತ್ತದೆ ಅನ್ನುವುದು ನಮ್ಮ ಅಂಗಡಿಯ ಬಾಲಪಾಠ. ಎಷ್ಟು ಸೀರೆಗಳನ್ನು ನಾನೇ ಹಾಗೆ ದಾಟಿಸಿದ್ದೇನೆ!

ಮೋಸ ಕಂಡುಹಿಡಿದ ಮೇಲೆ ಬುದ್ಧಿವಂತನಾದವನು ಏನು ಮಾಡಬೇಕು? ಡಬ್ಬಿ ವಾಪಸ್ ಕಳಿಸಬೇಕು. ನಾನು ಏನು ಮಾಡಿದೆ? ಸಲಹೆ ಕೊಟ್ಟೆ.

"ಎಷ್ಟೊತ್ತು ಇಡಬೇಕಂತ?" ಅಂದೆ.

"ಹತ್ತು ನಿಮಿಷ ಅಂತ ಬರದಾರ."

"ಹತ್ತು ನಿಮಿಷದಾಗ ಏನಾಕೈತಿ? ಕೋರಾ ಬಟ್ಟಿ ಬೆಳ್ಳಗ ಮಾಡೋದು ಹೆಂಗ ಅಂತ ನನಗ ಹೇಳಾಕ ಬರ್ತಾರೇನ ಇವರು? ಬಣ್ಣ ಗಟ್ಟಿ ಇದ್ರ ಇನ್ನೊಂದು ಮುಳುಗು ಹಾಕಬೇಕು. ಇಪ್ಪತ್ತು ನಿಮಿಷ ಇಡು. ಎರಡು ಸಲ ಇಡು."

ಹಲ್ಲು ಕೋರಾ ಬಟ್ಟೆಯಲ್ಲ. ಈ ಸಣ್ಣ ವ್ಯತ್ಯಾಸ ನನಗೆ ಆ ಗಳಿಗೆಯಲ್ಲಿ ಹೊಳೆಯಲಿಲ್ಲ. ಬಣ್ಣಗಾರರ ತೊಟ್ಟಿಯ ಮುಂದೆ ಅರ್ಧ ಆಯುಷ್ಯ ನಿಂತವನಿಗೆ ಲೋಕದಲ್ಲಿರುವುದೆಲ್ಲ ಬಟ್ಟೆಯ ಹಾಗೇ ಕಾಣುತ್ತದೆ. ಕಸ್ತೂರಿಗೆ ನನ್ನ ಮೇಲೆ ಬೇರೆ ಯಾವ ವಿಷಯದಲ್ಲೂ ನಂಬಿಕೆ ಇಲ್ಲ. ಬಣ್ಣದ ವಿಷಯದಲ್ಲಿ ಮಾತ್ರ ಇದೆ. ದುರದೃಷ್ಟ.

ಸೋಮವಾರ ಸಂಜೆ ಇಪ್ಪತ್ತು ನಿಮಿಷ, ಎರಡು ಸಲ. ಮಂಗಳವಾರ ಹಾಗೇ. ಬುಧವಾರ ಹಾಗೇ. ಬಾಯಲ್ಲಿ ಅಚ್ಚು ಕಚ್ಚಿಕೊಂಡು, ನೀಲಿ ದೀಪ ಉರಿಸಿಕೊಂಡು, ಸೋಫಾದ ಮೇಲೆ ನೆಟ್ಟಗೆ ಕೂತಿರುತ್ತಿದ್ದಳು. ಮಾತಿಲ್ಲ. ಕಥೆಯಿಲ್ಲ. ಸಂಸಾರದ ಇತಿಹಾಸದಲ್ಲಿ ಅಂಥ ನಿಶ್ಶಬ್ದ ಸಂಜೆಗಳು ಬಂದಿರಲಿಲ್ಲ. ಜೆಲ್ ಪರಿಣಾಮಕಾರಿಯೇ ಅಂತ ಆಗ ಯಾರಾದರೂ ಕೇಳಿದ್ದರೆ ಹೌದು ಅಂತ ಸಹಿ ಹಾಕಿಕೊಡುತ್ತಿದ್ದೆ.

ಮಂಗಳವಾರವೇ ಪದ್ಮಜಾ ಬಂದು ನೇರಳೆ ಬಣ್ಣದ ಇನ್ನೊಂದು ಜೆಲ್ ಇದೆ, ಹಚ್ಚಿ ತೊಳೆದರೆ ಆ ಕ್ಷಣವೇ ಬೆಳ್ಳಗೆ, ತರಿಸಲೇ ಅಂದಳು. ನಾನು ನಕ್ಕುಬಿಟ್ಟೆ. ನಮ್ಮಜ್ಜ ತನ್ನ ಧೋತರಕ್ಕೆ ಪ್ರತಿ ಶನಿವಾರ ನೀಲಿ ಹಾಕುತ್ತಿದ್ದ. ಹಳದಿಯನ್ನು ನೀಲಿಯಿಂದ ಮುಚ್ಚುವ ವಿದ್ಯೆ ಅದು. ಮುಂದಿನ ಒಗೆತಕ್ಕೆ ಹೊರಟುಹೋಗುತ್ತದೆ. ಹಲ್ಲಿನ ಮೇಲಾದರೆ ಒಂದು ಕಪ್ ಚಹಾದವರೆಗೆ. "ಅಮ್ಮಾ, ಇದನ್ನ ನಾ ಹುಟ್ಟೋಕಿಂತ ಮೊದಲ ಕಂಡುಹಿಡದಾರ" ಅಂದೆ. ಅದೊಂದು ವಿಷಯದಲ್ಲಿ ನನ್ನ ಬುದ್ಧಿ ಸರಿಯಾಗಿತ್ತು ಅನ್ನುವುದನ್ನು ದಯವಿಟ್ಟು ದಾಖಲಿಸಿಕೊಳ್ಳಿ. ಮುಂದೆ ಬರುವುದೆಲ್ಲ ನನ್ನ ವಿರುದ್ಧದ ಸಾಕ್ಷ್ಯ.

ಗುರುವಾರ ಬೆಳಿಗ್ಗೆ ಕಸ್ತೂರಿ ನೀರು ಕುಡಿಯಲು ಹೋಗಿ ಲೋಟ ಕೆಳಗಿಟ್ಟಳು.

"ಜುಂ ಅಂತೈತ್ರಿ."

"ಎಲ್ಲಿ?"

"ಎಲ್ಲಾ ಕಡೆ. ಗಾಳಿ ಬಡದ್ರೂ ಜುಂ ಅಂತೈತಿ."

ಒಸಡಿನ ಅಂಚು ಬೆಳ್ಳಗಾಗಿತ್ತು. ಬೆಳ್ಳಗಾಗಬೇಕಾದದ್ದು ಬಿಟ್ಟು, ಕೆಂಪಗಿರಬೇಕಾದದ್ದು ಬೆಳ್ಳಗಾಗಿತ್ತು. ಮುಟ್ಟಿದರೆ ಉರಿ. ಮತ್ತೆ ಬಾಲ್ಕನಿಗೆ ಹೋದೆವು. ಮತ್ತೆ ಬಿಸಿಲು. ಮತ್ತೆ ಪಟ್ಟಿ. ಅವಳು ಬಾಯಿ ತೆರೆದು ನನ್ನ ಮುಖವನ್ನೇ ನೋಡುತ್ತ ನಿಂತಳು. ಹತ್ತನೇ ಕ್ಲಾಸಿನ ರಿಸಲ್ಟ್ ನೋಡುವ ಮಕ್ಕಳ ಕಣ್ಣು.

ಕಂದು ಗೆರೆಗಳು ಇದ್ದಲ್ಲೇ ಇದ್ದವು. ನಡುವಿನ ಸುಣ್ಣದ ಚುಕ್ಕಿಗಳು ಮಾತ್ರ ಇನ್ನೂ ಬೆಳ್ಳಗಾಗಿ ಎದ್ದು ಕಾಣುತ್ತಿದ್ದವು. ಮೊದಲು ಒಂದು ಹಲ್ಲಿಗೆ ಒಂದು ನಂಬರಾದರೂ ಹೇಳಬಹುದಿತ್ತು. ಈಗ ಒಂದೊಂದು ಹಲ್ಲಿನಲ್ಲೂ ಮೂರು ನಂಬರು. ನಾನು ಮೂವತ್ತೈದು ವರ್ಷದ ಅಭ್ಯಾಸದಲ್ಲಿ, ಗಿರಾಕಿಗೆ ಹೇಳುವ ಹಾಗೆ, ಸಾದಾ ಧ್ವನಿಯಲ್ಲಿ ಹೇಳಿದೆ:

"ಇದು ಪ್ಲೇನ್ ಅಲ್ಲ ಈಗ. ಚುಕ್ಕಿ ಚುಕ್ಕಿ ಬಾಂಧಣಿ ಪ್ರಿಂಟ್ ಆಗೈತಿ."

ಬಾಯಿ ಮುಚ್ಚಿಕೊಂಡಿತು. ಬಾಗಿಲು ಮುಚ್ಚಿದ ಹಾಗೆ.

ಕೆಲವು ಮಾತುಗಳು ಬಾಯಿಂದ ಹೊರಬಿದ್ದ ಕೂಡಲೇ ಅವುಗಳ ಬೆಲೆ ಗೊತ್ತಾಗುತ್ತದೆ. ಆ ದಿನ ಅವಳು ಪಾರ್ಕಿಗೆ ಹೋಗಲಿಲ್ಲ. ನರಸಿಂಹಾರೆಡ್ಡಿ ಮೇಷ್ಟ್ರು ಫೋನ್ ಮಾಡಿದಾಗ "ಭಾನುವಾರ ಬೇರೆ ಯಾರಿಗಾದರೂ ಹೇಳಿ ಸಾರ್, ನನಗೆ ಊರಿಗೆ ಹೋಗೋದಿದೆ" ಅಂತ ತೆಲುಗಿನಲ್ಲಿ ಹೇಳುವುದು ಕೇಳಿಸಿತು. ಊರಿಗೆ ಹೋಗುವುದೇನೂ ಇರಲಿಲ್ಲ. ಮೇಷ್ಟ್ರು ಒಪ್ಪಲಿಲ್ಲವಂತೆ. "ಮೀರು ರಾವಾಲಿ" ಅಂದು ಇಟ್ಟುಬಿಟ್ಟರಂತೆ. ಬರಲೇಬೇಕು.

ಸಂಜೆ ನಾನೇ ಹಟ ಮಾಡಿ ಅವಳನ್ನು ಹಲ್ಲಿನ ಡಾಕ್ಟರ ಹತ್ತಿರ ಕರೆದುಕೊಂಡು ಹೋದೆ. ಸ್ಟೇಷನ್ ರಸ್ತೆಯ ಒಂದು ಸಣ್ಣ ಕ್ಲಿನಿಕ್ಕು. ಡಾಕ್ಟರಮ್ಮ ವಯಸ್ಸಿನಲ್ಲಿ ನಮ್ಮ ಮಗಳಷ್ಟಿರಬಹುದು. ಮಾತು ತೆಲುಗು, ಗತ್ತು ತಾಯಿಯದು. ಡಬ್ಬಿ ನೋಡಿದರು. ಬಾಯಿ ನೋಡಿದರು. ಮತ್ತೆ ಡಬ್ಬಿ ನೋಡಿದರು.

"ಎಷ್ಟು ಹೊತ್ತು ಇಟ್ಟುಕೊಂಡ್ರಮ್ಮಾ?"

"ಇಪ್ಪತ್ತು ನಿಮಿಷ. ದಿನಾ ಎರಡು ಸಲ."

"ಹತ್ತು ಅಂತ ಬರೆದಿದೆಯಲ್ಲ! ಇಪ್ಪತ್ತು ಅಂತ ಹೇಳಿದ್ದು ಯಾರು?"

ಅಷ್ಟರಲ್ಲಿ ಕಸ್ತೂರಿಯ ಬಾಯಲ್ಲಿ ಕನ್ನಡಿ ಇತ್ತು. ಕಣ್ಣನ್ನು ಮಾತ್ರ ನನ್ನ ಕಡೆ ತಿರುಗಿಸಿದಳು. ಡಾಕ್ಟರಮ್ಮ ಕೂಡ ತಿರುಗಿದರು. ಕಾಂಪೌಂಡರ್ ಹೆಂಗಸು ಕೂಡ. ಅಷ್ಟು ಜನರ ಮುಂದೆ ನಾನು ಗೋಡೆಯ ಮೇಲಿದ್ದ, ಹಲ್ಲುಜ್ಜುವ ಸರಿಯಾದ ಕ್ರಮದ ಚಿತ್ರಪಟವನ್ನು ಬಹಳ ಆಸಕ್ತಿಯಿಂದ ಓದಿದೆ.

"ಸಾರ್ ಡಾಕ್ಟರಾ?"

"ಅಲ್ಲಮ್ಮ. ಬ್ಲೌಸ್ ಪೀಸ್" ಅಂದೆ.

ಆಮೇಲೆ ಅವರು ಸಮಾಧಾನದಿಂದ ಹೇಳಿದ್ದನ್ನು ನನ್ನ ಕನ್ನಡದಲ್ಲಿ ಹೇಳುತ್ತೇನೆ. ಈ ಜೆಲ್ಲುಗಳೆಲ್ಲ ಸುಳ್ಳಲ್ಲ. ಚಹಾ, ಕಾಫಿ, ವಯಸ್ಸು ಇವುಗಳಿಂದ ಹಳದಿಯಾದ ಒಳ್ಳೆಯ ಹಲ್ಲು ಇದ್ದರೆ ಒಂದೆರಡು ಶೇಡು ಏರುತ್ತದೆ, ಕೆಲವು ತಿಂಗಳಿಗೆ ಮತ್ತೆ ಇಳಿಯುತ್ತದೆ. ಕ್ಯಾಪ್ ಹಾಕಿಸಿದ ಹಲ್ಲು, ಸಿಮೆಂಟು ತುಂಬಿದ ಹಲ್ಲು ಏನು ಮಾಡಿದರೂ ಬದಲಾಗುವುದಿಲ್ಲ. ಹುಳುಕು ಇದ್ದವರು, ಒಸಡು ಕೆಟ್ಟವರು ಮೊದಲು ಅದನ್ನು ತೋರಿಸಿಕೊಳ್ಳಬೇಕು. ಮದ್ದು ಎಷ್ಟು ಗಟ್ಟಿ ಅಂತ ಬರೆಯದ ಡಬ್ಬಿಯನ್ನು ಯಾರೂ ಮುಟ್ಟಬಾರದು. ನೀಲಿ ದೀಪ ನೋಡಲು ಚಂದ, ಮಾಡುವ ಕೆಲಸ ಕಡಿಮೆ.

"ಮತ್ತ ಇವಳದು?"

"ಇದು ಮೇಲೆ ಹತ್ತಿದ ಕಲೆ ಅಲ್ಲ ಸಾರ್. ಹಲ್ಲು ಒಳಗೆ ತಯಾರಾಗುವಾಗಲೇ ನೀರಿನಿಂದ ಬಂದದ್ದು. ನೀವು ಅದರ ಮೇಲೆ ಹಚ್ಚಿದರೆ ಬಿಳಿ ಚುಕ್ಕಿ ಇನ್ನೂ ಬೆಳ್ಳಗೆ ಕಾಣುತ್ತೆ. ಕೆಲವು ದಿನಕ್ಕೆ ಸ್ವಲ್ಪ ತಗ್ಗುತ್ತೆ. ಇದಕ್ಕೆ ಬೇರೆ ವಿಧಾನ ಇದೆ. ಕುರ್ಚಿಯಲ್ಲಿ ಕೂರಿಸಿ, ಒಸಡು ಮುಚ್ಚಿ, ನಾವೇ ಮಾಡಬೇಕು. ಮೂರು ನಾಲ್ಕು ಸಲ ಬರಬೇಕು. ಪೂರ್ತಿ ಹೋಗುತ್ತೆ ಅಂತ ಮಾತು ಕೊಡಲ್ಲ."

"ಭಾನುವಾರದೊಳಗ ಆಗಂಗಿಲ್ಲೇನ್ರಿ?" ಕಸ್ತೂರಿ ಕೇಳಿದಳು. ಕನ್ನಡದಲ್ಲೇ ಕೇಳಿದಳು. ಮನೆಯ ಹೊರಗೆ ಅವಳು ಕನ್ನಡ ಮಾತಾಡುವುದು ಬಹಳ ಕಷ್ಟವಾದಾಗ ಮಾತ್ರ.

ಡಾಕ್ಟರಮ್ಮನಿಗೆ ಭಾನುವಾರ ಅನ್ನುವುದಷ್ಟೇ ಅರ್ಥವಾಗಿರಬೇಕು. ತಲೆಯಾಡಿಸಿದರು. ಇಲ್ಲ. ಒಸಡು ಮಾಯಬೇಕು ಮೊದಲು. ಉರಿಗೆ ಒಂದು ಪೇಸ್ಟ್ ಬರೆದುಕೊಟ್ಟರು. ತಣ್ಣೀರು ಬೇಡ, ಹುಳಿ ಬೇಡ ಅಂದರು. ಏಳುವಾಗ ಇನ್ನೊಂದು ಮಾತು ಹೇಳಿದರು. "ಒಂದೂ ಹುಳುಕಿಲ್ಲಮ್ಮಾ. ಕಲ್ಲಿನಂಥ ಹಲ್ಲು. ಈ ವಯಸ್ಸಿನಲ್ಲಿ ಮೂವತ್ತೆರಡೂ ಇರುವವರು ನನ್ನ ಕುರ್ಚಿಗೆ ಬರೋದೇ ಅಪರೂಪ."

ವಾಪಸ್ ಬರುವಾಗ ಆಟೋದಲ್ಲಿ ಕಸ್ತೂರಿ ಸೆರಗನ್ನು ಬಾಯಿಗೆ ಒತ್ತಿ ಹಿಡಿದು ಕೂತಿದ್ದಳು. ಗಾಳಿ ತಾಕಬಾರದಲ್ಲ.

ನಾನು ಮಾತು ತೆಗೆಯಬೇಕು ಅಂತ ತೆಗೆದೆ. "ಇಷ್ಟು ವರ್ಷ ಒಮ್ಮೆನೂ ಹೇಳಲಿಲ್ಲಲ್ಲ ನೀ, ಹಲ್ಲಿನ ಬಗ್ಗೆ ಮನಸಿಗೆ ಹಚ್ಚಿಕೊಂಡೀಯಂತ."

"ಹೇಳಿದ್ದು ನೀವ."

"ನಾನ? ಯಾವಾಗ?"

"ಮದುವಿ ಆದ ಮ್ಯಾಲ ಫೋಟೋ ತಗಸಾಕ ಅಬಿಡ್ಸ್‌ನ ಸ್ಟುಡಿಯೋಕ್ಕ ಕರಕೊಂಡು ಹೋಗಿದ್ರಲ್ಲ. ಫೋಟೋದಾಂವ ಸ್ಮೈಲ್ ಪ್ಲೀಸ್ ಅಂದ. ನಾ ನಕ್ಕೆ. ನೀವು ನನ್ನ ಕಡೆ ನೋಡಿ, ತುಟಿ ಮುಚ್ಚು, ಫೋಟೋ ಚಲೋ ಬರ್ತೈತಿ ಅಂದ್ರಿ."

ಆಟೋ ಸ್ಪೀಡ್ ಬ್ರೇಕರ್ ಹಾರಿತು. ನನಗೆ ಆ ಸ್ಟುಡಿಯೋ ನೆನಪಿದೆ. ಹಿಂದೆ ತೂಗುಹಾಕಿದ್ದ ಹಸಿರು ಪರದೆ ನೆನಪಿದೆ. ಅವಳ ಸೀರೆ ರಾಣಿ ಬಣ್ಣದ್ದು, ಬಾರ್ಡರ್ ಗಿಳಿ ಹಸಿರು, ಬ್ಲೌಸು ಅರ್ಧ ಶೇಡು ತಪ್ಪಿತ್ತು. ಅದು ಕೂಡ ನೆನಪಿದೆ. ಈ ಮಾತು ಮಾತ್ರ ನೆನಪಿರಲಿಲ್ಲ.

"ಚಲೋನ ಬಂದಿತ್ತಲ್ಲ ಫೋಟೋ" ಅಂದೆ.

"ಹೂಂ. ಬಂದಿತ್ತು. ಆಮ್ಯಾಲ ಎಲ್ಲಾ ಫೋಟೋನೂ ಚಲೋನ ಬಂದಾವು" ಅಂದಳು.

ಮನೆಗೆ ಬಂದು ಆಲ್ಬಮ್ ತೆಗೆಯುವ ಧೈರ್ಯ ನನಗಾಗಲಿಲ್ಲ. ತೆಗೆಯುವ ಅಗತ್ಯವೂ ಇರಲಿಲ್ಲ. ಮಗಳ ನಾಮಕರಣ, ಗೃಹಪ್ರವೇಶ, ಮಗಳ ಮದುವೆ, ಎಲ್ಲದರಲ್ಲೂ ಕಸ್ತೂರಿ ತುಟಿ ಮುಚ್ಚಿ ಗಂಭೀರವಾಗಿ ನಿಂತಿದ್ದಾಳೆ. ನೆಂಟರೆಲ್ಲ "ನಿಮ್ಮ ಮನಿಯವರು ಭಾಳ ಗಂಭೀರ ಬಿಡ್ರಿ" ಅನ್ನುವಾಗ ನಾನು ಹೆಮ್ಮೆಯಿಂದ ತಲೆಯಾಡಿಸುತ್ತಿದ್ದೆ. ಅದು ನನ್ನದೇ ಕೈಕೆಲಸ ಅಂತ ಗೊತ್ತಿರಲಿಲ್ಲ.

ಒಂದು ಮಾತಿನ ಗುಣಮಟ್ಟ ನೋಡಿ. ಆ ಜೆಲ್ಲಿನ ಕಂಪನಿಯವರು ಕನಸಿನಲ್ಲೂ ಕಾಣದಷ್ಟು ಬಾಳಿಕೆ. ಒಂದೇ ಸಲ ಹಚ್ಚಿದ್ದು, ಮೂವತ್ತೆಂಟು ವರ್ಷ ಹಿಡಿದುಕೊಂಡಿದೆ.

ಶುಕ್ರವಾರ ಕಳೆಯಿತು. ಶನಿವಾರ ಕಳೆಯಿತು. ಹೋಗುತ್ತೀಯಾ ಅಂತ ನಾನು ಕೇಳಲಿಲ್ಲ, ಅವಳೂ ಹೇಳಲಿಲ್ಲ. ಸಲಹೆ ಕೊಡುವ ಚಟ ನನಗೆ ಆ ಎರಡು ದಿನ ತಾನಾಗಿ ಬಿಟ್ಟಿತ್ತು.

ಭಾನುವಾರ ಬೆಳಿಗ್ಗೆ ಎದ್ದು ನೋಡಿದರೆ ಅವಳು ಬೂಟು ಹಾಕಿಕೊಳ್ಳುತ್ತಿದ್ದಳು.

"ಮೇಷ್ಟ್ರು ಹರ್ನಿಯಾ ಹಿಡಕೊಂಡು ಬರ್ತಾರ. ಹೋಗಿ ಆಗಂಗಿಲ್ಲ ಅಂತ ಮುಖದ ಮುಂದ ಹೇಳಿ ಬರ್ತೀನಿ" ಅಂದಳು.

"ನಾನೂ ಬರ್ಲಾ?"

"ನೀವ್ಯಾಕ? ಶೇಡ್ ಕಾರ್ಡ್ ಹಿಡಕೊಂಡೇನು?"

ಹೋದೆ. ಬೇಲಿಯ ಪಕ್ಕ, ಹಿಂದಿನ ಸಾಲಿನ ಹಿಂದೆ ನಿಂತೆ. ನರಸಿಂಹಾರೆಡ್ಡಿ ಮೇಷ್ಟ್ರು ಕಲ್ಲುಬೆಂಚಿನ ಮೇಲೆ ಹೊಟ್ಟೆಗೆ ದಿಂಬು ಒತ್ತಿಕೊಂಡು ಕೂತಿದ್ದರು. ಕಸ್ತೂರಿ ಅವರ ಹತ್ತಿರ ಹೋಗಿ ಏನೋ ಹೇಳತೊಡಗಿದಳು. ಅವರು ಪೂರ್ತಿ ಕೇಳಿಸಿಕೊಳ್ಳಲೇ ಇಲ್ಲ. ಕೈ ಮುಂದೆ ಮಾಡಿ ವೃತ್ತದ ಮಧ್ಯ ತೋರಿಸಿದರು. ಅಷ್ಟರಲ್ಲಿ ಮೂವತ್ತು ಮಂದಿ ಚಪ್ಪಾಳೆ ಹೊಡೆದುಬಿಟ್ಟರು. ಚಪ್ಪಾಳೆ ಬಿದ್ದ ಮೇಲೆ ಊರಿಗೆ ಹೋಗಬೇಕು ಅಂತ ಹೇಳಲು ಯಾರಿಂದಾಗುತ್ತದೆ?

ಮಧ್ಯಕ್ಕೆ ಹೋಗಿ ನಿಂತಳು. ಒಂದು ಕೈ ಎತ್ತಿದಳು. ಇನ್ನೊಂದು ಕೈ ಅರ್ಧಕ್ಕೆ ಬಂದು ಬಾಯಿಯ ಹತ್ತಿರ ನಿಂತಿತು.

ಬೆಂಚಿನಿಂದ ಮೇಷ್ಟ್ರು ಕೂಗಿದರು: "ರೆಂಡು ಚೇತುಲು, ಅಮ್ಮಾ!" ಎರಡೂ ಕೈ.

ಎರಡೂ ಕೈ ಮೇಲೆ ಹೋದವು. ಬಾಯಿ ತೆರೆಯಿತು. "ಹಾ! ಹಾ!" ಅಂದಳು. ಮೂರನೆಯ ಹಾ ಬರಬೇಕಿತ್ತು. ಮುಂಜಾನೆಯ ತಣ್ಣನೆ ಗಾಳಿ ಹಲ್ಲಿಗೆ ಬಡಿಯಿತು. "ಸ್ಸ್ಸ್!" ಅಂತ ಮುಖ ಕಿವುಚಿ ಉಸಿರೆಳೆದಳು.

ಲೀಡರ್ ಮಾಡಿದ್ದನ್ನು ಮಾಡುವುದೇ ಕೂಟದ ನಿಯಮ. ಇದು ಹೊಸ ವ್ಯಾಯಾಮ ಅಂದುಕೊಂಡರು ಎಲ್ಲರೂ. ಮೂವತ್ತು ಮಂದಿ ಹಿರಿಯ ನಾಗರಿಕರು ಕೈ ಮೇಲೆತ್ತಿ, ಶ್ರದ್ಧೆಯಿಂದ, ಒಕ್ಕೊರಲಿನಲ್ಲಿ, "ಹಾ! ಹಾ! ಸ್ಸ್ಸ್!" ಅಂದರು. ಮುಖವನ್ನೂ ಕಿವುಚಿದರು.

ಕಸ್ತೂರಿ ಕಣ್ಣು ಬಿಟ್ಟು ನೋಡಿದಳು. ಅಲ್ಲ ಅಲ್ಲ ಅಂತ ಹೇಳಲು ಹೋಗಿ ಮತ್ತೆ ಗಾಳಿ ತಾಗಿ "ಸ್ಸ್" ಅಂದಳು. ಅವರೂ "ಸ್ಸ್" ಅಂದರು. ಅಷ್ಟೇ. ನಗು ಬಂತು. ವ್ಯಾಯಾಮದ ನಗುವಲ್ಲ, ಒಳಗಿನಿಂದ ಉಕ್ಕಿ ಬರುವಂಥದ್ದು. ಬಗ್ಗಿ, ಎರಡೂ ಕೈಯಿಂದ ಮೊಣಕಾಲು ಹಿಡಿದುಕೊಂಡು, ಬಾಯಿ ಎಷ್ಟು ತೆರೆಯುತ್ತದೋ ಅಷ್ಟು ತೆರೆದು ನಕ್ಕಳು. ನಡುನಡುವೆ ಸ್ಸ್ ಅನ್ನುತ್ತ, ಕಣ್ಣಲ್ಲಿ ನೀರು ತುಂಬಿಕೊಂಡು ನಕ್ಕಳು. ಅದನ್ನು ನೋಡಿ ಮಿಕ್ಕವರೂ ಬಿದ್ದುಬಿದ್ದು ನಕ್ಕರು. ಬೆಂಚಿನ ಮೇಲೆ ಮೇಷ್ಟ್ರು ಡಾಕ್ಟರ ಚೀಟಿಯನ್ನು ಧಿಕ್ಕರಿಸಿ, ದಿಂಬು ಒತ್ತಿಕೊಂಡು, "ಅಯ್ಯೋ ವದ್ದಮ್ಮಾ, ವದ್ದು!" ಅಂತ ಒದ್ದಾಡುತ್ತ ನಕ್ಕರು. ಬೇಡಮ್ಮಾ, ಬೇಡ.

ಬಿಸಿಲು ಸರಿಯಾಗಿ ಬಿದ್ದಿತ್ತು. ಟ್ಯೂಬ್‌ಲೈಟಿಲ್ಲ, ಕಿಟಕಿಯಿಲ್ಲ, ಮರೂನ್ ಬಾರ್ಡರಿಲ್ಲ. ನಾನು ನನ್ನ ಕೆಲಸ ಮಾಡಿದೆ. ಅಂದರೆ ಹಲ್ಲು ನೋಡಿದೆ. ಒಬ್ಬರಿಗೆ ಮುಂದಿನ ಎರಡಿಲ್ಲ. ಒಬ್ಬರಿಗೆ ಬಂಗಾರದ ಕಟ್ಟು. ಒಬ್ಬರ ಹಲ್ಲುಸೆಟ್ಟು ಅವರಿಗಿಂತ ಅರ್ಧ ಸೆಕೆಂಡ್ ತಡವಾಗಿ ನಗುತ್ತಿತ್ತು. ಒಬ್ಬರದು ಪಾನಿನ ಕೆಂಪು, ಒಬ್ಬರ ಕ್ಯಾಪು ಪಕ್ಕದ ಹಲ್ಲಿಗೆ ಎರಡು ಶೇಡು ಬೇರೆ. ಯಾರ ಹಲ್ಲು ಯಾರ ಹಲ್ಲಿಗೂ ಮ್ಯಾಚ್ ಇರಲಿಲ್ಲ. ನನ್ನ ಅಂಗಡಿಗೆ ಬಂದಿದ್ದರೆ ಇಡೀ ಗುಂಪನ್ನು ಬದಲಾಯಿಸಿಕೊಂಡು ಬನ್ನಿ ಅಂತ ವಾಪಸ್ ಕಳಿಸುತ್ತಿದ್ದೆ.

ಮತ್ತು ಕಸ್ತೂರಿಯ ಹಲ್ಲು? ಯಾರೂ ನೋಡಲಿಲ್ಲ. ಒಬ್ಬರೂ ನೋಡಲಿಲ್ಲ. ನೋಡಲು ಸಾಧ್ಯವೇ ಇರಲಿಲ್ಲ. ಯಾಕೆಂದರೆ ಮನಸಾರೆ ನಗುವಾಗ ಮನುಷ್ಯ ಕಣ್ಣು ಮುಚ್ಚಿಕೊಳ್ಳುತ್ತಾನೆ. ಈ ಸರಳ ಸಂಗತಿ ಯಾವ ಡಬ್ಬಿಯ ಮೇಲೂ ಬರೆದಿರುವುದಿಲ್ಲ. ಆ ಪಾರ್ಕಿನಲ್ಲಿ ಕಣ್ಣು ಬಿಟ್ಟುಕೊಂಡು, ನೆಟ್ಟಗೆ ನಿಂತು, ಹಲ್ಲು ಎಣಿಸುತ್ತಿದ್ದವನು ನಾನೊಬ್ಬನೇ.

ಈಗ ಕಸ್ತೂರಿಯೇ ಲೀಡರ್. 'ಹಾ ಹಾ ಸ್ಸ್' ಅನ್ನುವುದು ಅಧಿಕೃತ ವ್ಯಾಯಾಮವಾಗಿದೆ, ಶ್ವಾಸಕೋಶಕ್ಕೆ ಬಹಳ ಒಳ್ಳೆಯದು ಅಂತ ಪದ್ಮಜಾ ತನ್ನ ಆಫೀಸಿನಲ್ಲೂ ಹೇಳಿದ್ದಾಳಂತೆ. ಒಸಡು ಮಾಯುತ್ತಿದೆ. ಆ ಡಾಕ್ಟರಮ್ಮನ ಹತ್ತಿರ ಹೋಗಿ ಸರಿಯಾದ ವಿಧಾನದಲ್ಲಿ ಮಾಡಿಸಿಕೊಳ್ಳುತ್ತೀಯಾ ಅಂತ ಕೇಳಿದೆ. "ನೋಡೋಣು. ನನಗ ಬೇಕಂದ್ರ ಮಾಡಿಸಿಕೊಂತೀನಿ" ಅಂದಳು. ಆ 'ನನಗ' ಅನ್ನುವುದನ್ನು ಸ್ವಲ್ಪ ಒತ್ತಿ ಹೇಳಿದಳು.

ನಿಮ್ಮ ಮನೆಯಲ್ಲೂ ಬಾಯಿಗೆ ಕೈ ಅಡ್ಡ ಹಿಡಿದು ನಗುವವರು ಯಾರಾದರೂ ಇರಬಹುದು. ಆ ಕೈಯನ್ನು ಅಲ್ಲಿಗೆ ತಂದಿಟ್ಟವರು ಯಾರು ಅಂತ ಎಂದಾದರೂ ಕೇಳಿದ್ದೀರಾ?